ಕೋಟೆಯಿಲ್ಲದ ಫೋರ್ಟಿನಲ್ಲಿ ನಾನು

ಮುಂಬಯಿಯಲ್ಲಿ ಫೋರ್ಟ್ ಅಂತ ಒಂದು ಜಾಗ ಇದೆ. ಅಲ್ಲಿ ಎಲ್ಲವೂ ಸಿಗುತ್ತದೆ, ಕೋಟೆಯೊಂದನ್ನು ಬಿಟ್ಟು. ಆ ಇಲ್ಲದ ಕೋಟೆಯನ್ನು ಜನರಿಗೆ ತೋರಿಸುವ ಕೆಲಸಕ್ಕೆ ಯಾವ ಗಳಿಗೆಯಲ್ಲಿ ಒಪ್ಪಿಕೊಂಡೆನೋ, ಅವತ್ತಿನಿಂದ ನಾನು ನಗದೆ ಮನೆಗೆ ಬಂದದ್ದೇ ಕಡಿಮೆ.

ನಾನು ಮಲಾಡಿನ ಒಂದು ಶಾಲೆಯಲ್ಲಿ ಇತಿಹಾಸ ಕಲಿಸುವವಳು. ತವರು ಧಾರವಾಡ, ಗಂಡನ ಮನೆ ಜಮಖಂಡಿ, ಸಂಸಾರ ಮಲಾಡಿನಲ್ಲಿ. ನಮ್ಮ ಕಡೆಯ ಕನ್ನಡ ಸಂಘದವರು ಒಂದು ದಿನ ಬಂದು, "ಮೇಡಂ, ಇಷ್ಟು ವರ್ಷದಿಂದ ಈ ಊರಿನಲ್ಲಿದ್ದೇವೆ. ಲೋಕಲ್ ಟ್ರೇನಿನ ಟೈಮು ಬಿಟ್ಟರೆ ಊರಿನ ಬಗ್ಗೆ ಏನೂ ಗೊತ್ತಿಲ್ಲ. ತಿಂಗಳಿಗೊಂದು ಭಾನುವಾರ ಕರಕೊಂಡು ಹೋಗಿ ಕತೆ ಹೇಳ್ರಿ" ಎಂದರು. ಸರಿ ಎಂದೆ.

ಕತೆ ದೊಡ್ಡದೇನಲ್ಲ. ಇಲ್ಲಿ ದ್ವೀಪಗಳಿದ್ದವು. ಪೋರ್ಚುಗೀಸರು ಸಮುದ್ರದ ಅಂಚಿಗೆ ಒಂದು ದೊಡ್ಡ ಬಂಗಲೆ ಕಟ್ಟಿಕೊಂಡರು. ದ್ವೀಪ ಇಂಗ್ಲೆಂಡಿನ ರಾಜನ ಕೈಗೆ ಹೋದ ಮೇಲೆ ಇಂಗ್ಲಿಷರು ಆ ಬಂಗಲೆಯ ಸುತ್ತ ಬುರುಜು ಎಬ್ಬಿಸಿ ಕ್ಯಾಸಲ್ ಮಾಡಿದರು. ಕ್ಯಾಸಲ್ಲಿನ ಮಗ್ಗುಲಿಗೆ ಊರು ಬೆಳೆಯಿತು, ಊರಿನ ಸುತ್ತ ಗೋಡೆ ಬಂತು, ಗೋಡೆಗೆ ಬಾಗಿಲುಗಳಾದವು, ಹೊರಗೆ ಕಂದಕ ತೋಡಿದರು. ಊರು ಮತ್ತೂ ಬೆಳೆದಾಗ ಗೋಡೆ ಅದಕ್ಕೆ ಚಿಕ್ಕಂದಿನ ಅಂಗಿಯ ಹಾಗೆ ಬಿಗಿಯಾಯಿತು. ಒಡೆದು ಹಾಕಿದರು. ಫೋರ್ಟ್ ಎಂಬ ಹೆಸರು ಮಾತ್ರ ಉಳಿಯಿತು.

ಇದನ್ನು ಹೇಳಲು ನನಗೆ ಸ್ವಲ್ಪ ಹೊತ್ತು ಸಾಕು. ಕೇಳುವವರು ಬಿಡಬೇಕಲ್ಲ!

ಚರ್ಚ್‌ಗೇಟಿನ ಗೇಟು

ಈ ಕೆಲಸದ ಬೋಣಿ ಮಾಡಿದವರು ನಮ್ಮ ಮನೆಯವರ ಕಾಕಾ. ಜಮಖಂಡಿಯಿಂದ ಮೊದಲ ಸಲ ಮುಂಬಯಿಗೆ ಬಂದಿದ್ದರು. ತಲೆಗೆ ರುಮಾಲು, ಕೈಯಲ್ಲಿ ಕೊಡೆ. ಮಲಾಡಿನಿಂದ ಲೋಕಲ್ ಹತ್ತಿಸಿ, ಕಿಟಕಿಯ ಪಕ್ಕ ಕೂರಿಸಿ, ಕೊನೆಯ ಸ್ಟೇಷನ್ನಿನಲ್ಲಿ ಇಳಿಸಿದೆ. ಹೊರಗೆ ಬಂದು ನಿಂತವರೇ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು.

"ಯವ್ವಾ, ಚರ್ಚ್‌ಗೇಟ ಬಂತು ಅಂದ್ಯಲ್ಲ, ಗೇಟ ಎಲ್ಲೈತಿ?"

"ಒಡದಾರ್ರೀ ಕಾಕಾ. ಹಿಂದಕ ಇಲ್ಲಿ ಕೋಟಿ ಇತ್ತು, ಅದರ ಬಾಗಲಾ ಅದು. ಆ ಬಾಗಲದಿಂದ ಚರ್ಚಿಗೆ ಹೋಗ್ತಿದ್ರಂತ, ಅದಕ್ಕ ಚರ್ಚ್‌ಗೇಟ."

"ಹೋಗಲಿ. ಚರ್ಚರೆ ತೋರಸು."

"ಅದು ಇಲ್ಲಿಲ್ರೀ. ಅತ್ತಾಗ ನಡಕೋತ ಹೋಗಬೇಕು."

"ಅಂದರ ಗೇಟ ಈಗ ನಾವು ನಿಂತಲ್ಲೇ ಇತ್ತು?"

"ಇಲ್ರೀ, ಗೇಟೂ ಅತ್ತಾಗ ಇತ್ತು. ಇಲ್ಲಿ ಬರೇ ಬಯಲ ಇತ್ತು. ಅದರಾಚೆ ಸಮುದ್ರ."

"ಸಮುದ್ರ ಎಲ್ಲೈತಿ?"

"ಅದನ್ನ ಮಣ್ಣ ಹಾಕಿ ಹಿಂದಕ ಸರಿಸ್ಯಾರ್ರೀ."

ಕಾಕಾ ಕೊಡೆಯನ್ನು ನೆಲಕ್ಕೆ ಊರಿದರು. ಇಲ್ಲಿ ಎಂದೂ ಇರದ ಗೇಟಿನ ಹೆಸರು ಈ ಜಾಗಕ್ಕೆ ಯಾಕೆ ಎಂಬುದು ಅವರ ತಲೆಗೆ ಇಳಿಯುತ್ತಿರಲಿಲ್ಲ. ಆಮೇಲೆ ಜೇಬಿನಿಂದ ಫೋನ್ ತೆಗೆದು ಊರಿಗೆ ಹಚ್ಚಿದರು. ಆ ಕಡೆಯಿಂದ ಅವರ ಹೆಂಡತಿ, ನಮ್ಮ ಕಾಕು, ಸುಖವಾಗಿ ಮುಟ್ಟಿದಿರಾ ಎಂದು ಕೇಳಿರಬೇಕು.

"ಮುಟ್ಟೀನಿ" ಎಂದರು ಕಾಕಾ, ಬಹಳ ಬೇಸರದಿಂದ. "ಆದರ ನಾ ಬರೂದು ಒಂದೀಟ ತಡಾ ಆತು ನೋಡ. ಅಷ್ಟರಾಗ ಎಲ್ಲಾ ಒಡದ ಬಿಟ್ಟಾರ."

ವಿಜಯಪುರದ ಗೋಡೆ

ಫೋರ್ಟಿನ ಸುತ್ತ ಇದ್ದ ಆ ಗೋಡೆಯ ಒಂದು ತುಂಡು ಮಾತ್ರ ಇವತ್ತಿಗೂ ಒಂದು ಹಳೆಯ ಕಟ್ಟಡದ ಹಿಂದೆ ಉಳಿದಿದೆ. ನನಗೆ ಅದರ ಮೇಲೆ ಬಹಳ ಪ್ರೀತಿ. ಕರೆದುಕೊಂಡು ಹೋದವರಿಗೆ ಕೊನೆಯಲ್ಲಿ ಅದನ್ನು ತೋರಿಸಿ, ಮುಟ್ಟಿ ನೋಡಲು ಹೇಳಿ, ಮೈ ಜುಂ ಎನ್ನುವ ಹಾಗೆ ನಾಲ್ಕು ಮಾತಾಡುವುದು ನನ್ನ ಪದ್ಧತಿ.

ಒಂದು ಭಾನುವಾರ ಪರೇಲಿನ ಟೇಲರ್ ಮಾಸ್ತರು ಬಂದಿದ್ದರು. ಮೂಲ ವಿಜಯಪುರದವರು. ಮನೆಯಲ್ಲಿ ದಖನಿ ಉರ್ದು, ಹೊರಗೆ ಕನ್ನಡ, ಗಿರಾಕಿಗಳ ಹತ್ತಿರ ಹಿಂದಿ. ಜೊತೆಗೆ ಅವರ ಹೆಂಡತಿ. ಆಕೆ ದಾರಿಯುದ್ದಕ್ಕೂ ಒಂದು ಮಾತೂ ಆಡದೆ, ನಾನು ಹೇಳುವುದನ್ನು ಶಾಲೆಯ ಹುಡುಗಿಯ ಹಾಗೆ ಕೇಳುತ್ತಿದ್ದರು.

ಗೋಡೆಯ ಹತ್ತಿರ ಬಂದೆವು. ನಾನು ದನಿ ಇಳಿಸಿ, "ನೋಡಿ, ಇಡೀ ಕೋಟೆ ಗೋಡೆಯಲ್ಲಿ ಉಳಿದದ್ದು ಇದಿಷ್ಟೇ" ಎಂದೆ.

ಮಾಸ್ತರು ಹತ್ತಿರ ಹೋಗಿ, ಬಟ್ಟೆಯ ಹದ ನೋಡುವವರ ಹಾಗೆ ಗೋಡೆಯನ್ನು ಬೆರಳಿನಿಂದ ತಿಕ್ಕಿ ನೋಡಿದರು.

"ಮೇಡಂ, ಇದು ಕಂಪೌಂಡ್ ಅಲ್ರೀ?"

"ಅಲ್ಲ ಮಾಸ್ತರ, ಕೋಟೆ ಗೋಡೆ."

"ಕೋಟಿ ಅಂದ್ರ ನಮ್ಮ ವಿಜಾಪುರದ್ದು ಮೇಡಂ. ಗ್ವಾಡಿ ಮ್ಯಾಲ ಲಾರಿ ಹೋಗಬೇಕು, ಎದುರಿಂದ ಇನ್ನೊಂದು ಲಾರಿ ಬರಬೇಕು, ಡ್ರೈವರಗೋಳು ನಡುವ ನಿಲ್ಲಿಸಿ ಬೀಡಿ ಸೇದಬೇಕು, ಹಂಗೈತಿ. ತೋಪು ಎಂಥಾದ್ದು ಅಂತೀರಿ! ಅದರ ಬಾಯಾಗ ಮನಶ್ಯಾ ಕುಂತು ಊಟಾ ಮಾಡಬಹುದು. ಗೋಲಗುಮ್ಮಟದಾಗ ಒಮ್ಮಿ ಕೆಮ್ಮಿದರ ಏಳು ಸರ್ತಿ ಕೇಳಸ್ತದ."

ಅವತ್ತು ನಮ್ಮ ಬಿಲ್ಡಿಂಗಿನ ನೆರೆಯವರೂ ಬಂದಿದ್ದರು, ಸಾತಾರಾ ಕಡೆಯ ಮರಾಠಿಯವರು. ಕನ್ನಡ ಅರ್ಧಂಬರ್ಧ ತಿಳಿಯುತ್ತದೆ. ಬಯಲಿನ ಕೋಟೆಯ ಬಡಾಯಿ ಕೇಳಿ ಅವರಿಗೆ ತಡೆಯಲಾಗಲಿಲ್ಲ. ನಮ್ಮ ಕಡೆ ಕೋಟೆ ಅಂದರೆ ಬೆಟ್ಟದ ತುದಿಯಲ್ಲಿರುತ್ತದೆ, ಕಾಲು ಜಾರಿದರೆ ಮೋಡದೊಳಗೆ ಬೀಳಬೇಕು ಎಂದು ಹಿಂದಿಯಲ್ಲಿ ಶುರು ಮಾಡಿದರು. ಮಾಸ್ತರು ಕಂದಕ ತೆಗೆದರು. ಇವರು ಕಡಿದಾದ ಬಂಡೆ ತಂದರು. ಮಾಸ್ತರು ಬುರುಜು ಹತ್ತಿಸಿದರು. ಇವರು ಗುಪ್ತ ಬಾಗಿಲು ತೆರೆದರು. ನನ್ನ ಬಡಪಾಯಿ ಗೋಡೆಯನ್ನು ಕೇಳುವವರೇ ಇಲ್ಲ. ಕೊನೆಗೆ ಮಾಸ್ತರು ಎರಡೂ ಕೈ ಅಗಲಿಸಿ, "ಅಂಥಾ ಕಿಲ್ಲಾ ದುನಿಯಾದಾಗ ಎಲ್ಲೂ ಇಲ್ಲ!" ಎಂದು ಘೋಷಿಸಿದರು.

ಅಲ್ಲಿಯವರೆಗೆ ಸುಮ್ಮನಿದ್ದ ಅವರ ಹೆಂಡತಿ ಮೆಲ್ಲಗೆ ದಖನಿಯಲ್ಲಿ ಕೇಳಿದರು: "ಇತ್ತಾ ಬಡಾ ಕಿಲ್ಲಾ ಛೋಡ್‌ಕೊ ಪರೇಲ್ ಕೀ ಇತ್ತೀಸೀ ಖೋಲೀ ಮೇ ಕಾಯ್ಕು ಆಯೇ, ವೋ ಭೀ ಬೋಲೋ ನಾ."

ಅಷ್ಟು ದೊಡ್ಡ ಕೋಟೆ ಬಿಟ್ಟು ಪರೇಲಿನ ಇಷ್ಟು ಸಣ್ಣ ಕೋಣೆಗೆ ಯಾಕೆ ಬಂದಿರಿ, ಅದನ್ನೂ ಹೇಳಿ ಎಂದು. ಎಲ್ಲರೂ ಮಾಸ್ತರ ಮುಖ ನೋಡಿದೆವು. ಅವರು ಹೆಂಡತಿಯ ಕಡೆ ತಿರುಗದೆ, ಕನ್ನಡದಲ್ಲಿ ನನಗೇ ಉತ್ತರ ಕೊಟ್ಟರು:

"ಅಲ್ಲಿ ಗಾಳಿ ಭಾಳ್ರೀ ಮೇಡಂ. ನಿದ್ದಿ ಹತ್ತೂದಿಲ್ಲ."

ಕೋಟಿ ಹೋತು

ನಮ್ಮ ಉತ್ತರ ಕರ್ನಾಟಕದ ಬಾಯಲ್ಲಿ ಕೋಟೆ ಎನ್ನುವುದು ಕೋಟಿ. ಮರಾಠಿಯಲ್ಲಿ ಕೋಟಿ ಎಂದರೆ ನೂರು ಲಕ್ಷ, ಕೋಟೆಯಲ್ಲ. ಇದು ನನಗೆ ಗೊತ್ತಿತ್ತು. ಆದರೆ ಗೊತ್ತಿದ್ದದ್ದು ಬೇಕಾದ ಹೊತ್ತಿಗೆ ನೆನಪಾಗಬೇಕಲ್ಲ!

ಕಲಬುರಗಿ ಕಡೆಯ ಒಬ್ಬ ಮೇಸ್ತ್ರಿ, ಕಟ್ಟಡದ ಕೆಲಸದವರು, ತಮ್ಮ ಗಾರೆ ಕೆಲಸದ ನಾಲ್ಕಾರು ಜನರನ್ನು ಕರೆದುಕೊಂಡು ಬರುತ್ತೇನೆ ಎಂದರು. ಅವರಿಗೆ ಭಾನುವಾರ ರಜೆ ಇರಲಿಲ್ಲ, ವಾರದ ನಡುವೆ ಒಂದು ದಿನ ಸಿಕ್ಕಿತ್ತು. ನನಗೂ ದೀಪಾವಳಿ ರಜೆ. ಹೋದೆವು. ಭಾನುವಾರ ನಿದ್ದೆ ಮಾಡುವ ಫೋರ್ಟು ಅವತ್ತು ಪೂರ್ತಿ ಎಚ್ಚರವಾಗಿತ್ತು. ಬ್ಯಾಂಕುಗಳ ಬೀದಿ, ಶೇರು ಪೇಟೆ ಹತ್ತಿರ, ಊಟದ ವೇಳೆ, ಕಾಲಿಡಲು ಜಾಗವಿಲ್ಲ.

ಮೇಸ್ತ್ರಿಗಳದು ಹತ್ತನೇ ಮಹಡಿಯಿಂದ ಕೂಗಿ ಕೆಳಗೆ ಸಿಮೆಂಟು ಕಲಸಲು ಹೇಳುವ ಗಂಟಲು.

"ಮೇಡಂ, ಅಷ್ಟ ದೊಡ್ಡ ಕೋಟಿ ಎಲ್ಲಿ ಹೋಯ್ತ್ರೀ?"

ಬಸ್ಸುಗಳ ಗದ್ದಲದಲ್ಲಿ ನಾನೂ ಕೂಗಿದೆ: "ಕೋಟಿ ಪೂರಾ ಹೋತು! ಏನೂ ಉಳೀಲಿಲ್ಲ!"

"ಯಾರ ಮಾಡಿದ್ರು?"

"ಮೊದಲ ಕಂಪನಿಯವರು ಮಾಡಿದ್ದು. ಆಮ್ಯಾಲ ಸರಕಾರದವರು ಸಾಫ್ ಮಾಡಿದ್ರು!"

"ಅಯ್ಯಯ್ಯ! ಪೂರಾ ಕೋಟಿ?" ಎಂದು ಗಾರೆಯವರೆಲ್ಲ ಒಟ್ಟಿಗೆ ಹಣೆ ಬಡಿದುಕೊಂಡರು. ಕಟ್ಟುವವರು ನೋಡಿ, ಒಡೆದದ್ದು ಕೇಳಿ ಅವರಿಗೆ ನಿಜವಾಗಿಯೂ ಸಂಕಟ.

ತಿರುಗಿ ನೋಡಿದರೆ ನಮ್ಮ ಸುತ್ತ ಜನ. ಕೋಟಿ, ಕಂಪನಿ, ಸರಕಾರ, ಪೂರಾ, ಸಾಫ್. ಹೋಗುವವರ ಕಿವಿಗೆ ಬಿದ್ದದ್ದು ಇಷ್ಟೇ ಮಾತು. ಬಗಲಲ್ಲಿ ಬ್ಯಾಗು ಹಿಡಿದ ಒಬ್ಬರು ಮುಂದೆ ಬಂದು, "ಕುಠಲೀ ಕಂಪನೀ, ಬಾಯಿ? ಕಿತೀ ಕೋಟೀ ಗೇಲೇ?" ಎಂದು ಆತಂಕದಿಂದ ಕೇಳಿದರು. ಯಾವ ಕಂಪನಿ ಅಮ್ಮಾ, ಎಷ್ಟು ಕೋಟಿ ಹೋಯಿತು ಎಂದು. ಅವರ ಹಿಂದಿನವರು ಇನ್ನೊಬ್ಬರಿಗೆ, ಯಾವುದೋ ಚೀಟಿ ಕಂಪನಿ ಮುಳುಗಿದೆ, ಪಾಪ ಕೂಲಿಯವರ ದುಡ್ಡು ಎಂದು ವಿವರಿಸುತ್ತಿದ್ದರು.

"ಅಹೋ, ಕೋಟೀ ನಾಹೀ! ಕಿಲ್ಲಾ, ಕಿಲ್ಲಾ!" ಎಂದು ನಾನು ಕೈ ಮುಗಿದು ಬಿಡಿಸಿ ಹೇಳುವಷ್ಟರಲ್ಲಿ ಸಾಕುಸಾಕಾಯಿತು. ಜನ ನಗುತ್ತ ಚದುರಿದರು. ಒಬ್ಬರು ಮಾತ್ರ ಫೋನು ಹಿಡಿದುಕೊಂಡು ನಿಂತಲ್ಲೇ ನಿಂತಿದ್ದರು. ಬೆವರಿ ಹೋಗಿದ್ದರು.

"ಮುಳುಗಿದ್ದು ಕಂಪನಿಯಲ್ಲ, ಕೋಟೆ. ಅದೂ ಬಹಳ ಹಿಂದೆ" ಎಂದು ಅವರಿಗೆ ಸಮಾಧಾನ ಹೇಳಿದೆ.

"ಅದನ್ನು ಮೊದಲೇ ಹೇಳಬಾರದಿತ್ತಾ ಬಾಯಿ?" ಎಂದು ಅವರು ಮರಾಠಿಯಲ್ಲಿ ನನ್ನ ಮೇಲೇ ರೇಗಿದರು. "ನಮ್ಮ ದುಡ್ಡೂ ಹೋಯಿತು ಅಂತ ಹೆಂಡತಿಗೆ ಹೇಳಿಬಿಟ್ಟೆ. ನಾನು ದುಡ್ಡು ಹಾಕಿದ್ದೇ ಅವಳಿಗೆ ಗೊತ್ತಿರಲಿಲ್ಲ!"

ಕಾವಲಿನವನು

ಕ್ಯಾಸಲ್ಲಿನ ಅಳಿದುಳಿದ ಭಾಗ ಈಗ ಕಾವಲಿರುವ ಆವರಣದೊಳಗಿದೆ. ಹೊರಗಿನವರನ್ನು ಸುಮ್ಮಸುಮ್ಮನೆ ಬಿಡುವುದಿಲ್ಲ. ಹಾಗಾಗಿ ಗೇಟಿನಿಂದ ದೂರ, ರಸ್ತೆಯ ಈಚೆ ನಿಂತು ಬೆರಳು ತೋರಿಸಿ ಕತೆ ಹೇಳಿ ಮುಗಿಸುತ್ತೇನೆ.

ನಮ್ಮ ತಂಡದಲ್ಲಿ ಸಾಂತಾಕ್ರೂಜಿನಲ್ಲಿ ಪುಟ್ಟ ಹೋಟೆಲು ನಡೆಸುವ ಒಬ್ಬ ಅಕ್ಕ ಇದ್ದಾರೆ, ಮೂಡುಬಿದಿರೆ ಕಡೆಯವರು. ಯಾವ ಬಾಗಿಲೂ ತೆರೆಯುವುದಿಲ್ಲ ಎಂದು ಅವರಿಗೆ ಹೇಳಬಾರದು. ಅವತ್ತು ತಾವೇ ಕರಿದ ಗೋಳಿಬಜೆಯ ಡಬ್ಬಿ ಹಿಡಿದುಕೊಂಡು ಸೀದಾ ಕಾವಲಿನವನ ಮುಂದೆ ಹೋಗಿ ನಿಂತರು. ನಾವು ಹಿಂದೆ ಓಡಿದೆವು.

"ಎಂತ ಮಾರಾಯ್ರೆ, ಒಮ್ಮೆ ನೋಡಿ ಬರ್ತೇವೆ. ನಾವೆಂತ ಕೋಟೆಯನ್ನು ಚೀಲದಲ್ಲಿ ಹಾಕ್ಕೊಂಡು ಹೋಗ್ತೇವಾ?" ಅವರಿಗೆ ಹುರುಪಿನಲ್ಲಿ ಹಿಂದಿ ಮರೆತು ಕನ್ನಡ ಬಂದಿತ್ತು.

ಕಾವಲಿನವನ ಬಿಗಿದ ಮುಖ ಸಡಿಲಾಯಿತು. "ಬಿಡಾಕ ಬರೂದಿಲ್ರೀ ಯಕ್ಕಾರ. ಆರ್ಡರ ಇಲ್ಲ."

ಊರು ಕೇಳಿದರೆ ಗೋಕಾಕದವನು! ಸರಿ, ಒಳಗೆ ಬಿಡದಿದ್ದರೆ ಬೇಡ, ನಮ್ಮವನೇ ಸಿಕ್ಕಿದನಲ್ಲ ಎಂಬ ಖುಷಿಗೆ ನಾನು ಅವನಿಗೂ ಸೇರಿಸಿ ಕ್ಯಾಸಲ್ಲಿನ ಕತೆ ಹೇಳಿದೆ. ರಾಜನ ಹೆಸರಿನಲ್ಲಿ ಆಳುತ್ತಿದ್ದ ಗವರ್ನರು ಇಲ್ಲಿಯೇ ಇದ್ದದ್ದು, ಬುರುಜಿನ ಮೇಲೆ ತೋಪುಗಳು ಸಮುದ್ರದ ಕಡೆ ಮುಖ ಮಾಡಿ ನಿಂತದ್ದು, ಹಡಗು ಬಂದರೆ ಊರಿಗೆಲ್ಲ ತಿಳಿಯುತ್ತಿದ್ದದ್ದು. ಅವನು ಕಣ್ಣು ಅರಳಿಸಿ ಕೇಳಿದ. ನನ್ನ ಶಾಲೆಯಲ್ಲಿ ಯಾರೂ ಹಾಗೆ ಕೇಳಿದ್ದಿಲ್ಲ.

"ಇಷ್ಟೆಲ್ಲಾ ಖರೇನ ಒಳಗ ಐತ್ರೀ ಮೇಡಂ?"

"ಅದನ್ನ ನನ್ನ ಕೇಳ್ತೀಯೇನಪಾ? ಇಲ್ಲೇ ಇರೋ ಮನಷ್ಯಾ ನೀನು!"

"ನನ್ನ ಡ್ಯೂಟಿ ಗೇಟಿನ ಹೊರಗ್ರೀ" ಎಂದ ಅವನು, ಡಬ್ಬಿಯ ಕಡೆಗೊಮ್ಮೆ ನೋಡಿ. "ನನ್ನನೂ ಒಳಗ ಬಿಡೂದಿಲ್ಲ."

ವರದಕ್ಷಿಣೆಯ ಊರು

ಈ ಪ್ರಸಂಗ ನೆನಪಾದರೆ ಈಗ ನಗು ಬರುತ್ತದೆ. ಅವತ್ತು ಮಾತ್ರ ಎದ್ದು ಓಡಿಹೋಗೋಣ ಎನಿಸಿತ್ತು.

ಒಂದು ಭಾನುವಾರ ತಂಡದಲ್ಲಿ ಐದು ಜನ ಹೊಸಬರು ಇದ್ದರು. ಹುಬ್ಬಳ್ಳಿ ಕಡೆಯ ಗಂಡ ಹೆಂಡತಿ, ಅವರ ದೊಡ್ಡ ಮಗ. ಅವನು ಪರೇಲಿನ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಮಾಡುವವನು. ಇನ್ನೊಂದು ಕಡೆ ಒಬ್ಬ ತಂದೆ, ಅವರ ಮಗಳು. ಹುಡುಗಿ ಸಾಂತಾಕ್ರೂಜಿನ ದೊಡ್ಡ ಹೋಟೆಲಿನಲ್ಲಿ ಬಂದವರನ್ನು ಸ್ವಾಗತಿಸುವ ಕೆಲಸದಲ್ಲಿದ್ದಳು. ಹುಟ್ಟಿ ಬೆಳೆದದ್ದು ಮುಂಬಯಿ. ಕನ್ನಡ ಚೆನ್ನಾಗಿ ತಿಳಿಯುತ್ತದೆ, ಮಾತಾಡುವಾಗ ಮಾತ್ರ ಒಂದೊಂದೇ ಮೆಟ್ಟಿಲು ಇಳಿಯುವ ಹಾಗೆ ಇಳಿಯುತ್ತಾಳೆ. ಎರಡೂ ಕಡೆಯವರು ಪರಸ್ಪರ ಬಹಳ ಮರ್ಯಾದೆಯಿಂದ ನಡೆದುಕೊಳ್ಳುತ್ತಿದ್ದರು. ನನಗೆ ಅಷ್ಟಕ್ಕೇ ಸಂಶಯ ಬರಬೇಕಿತ್ತು, ಬರಲಿಲ್ಲ.

ಸುತ್ತಾಡಿ ದಣಿದು ಫೋರ್ಟಿನ ನಡುವಿನ ದುಂಡು ತೋಟದಲ್ಲಿ, ಮರದ ನೆರಳಿಗೆ ಕುಳಿತೆವು. ನಾನು ನನಗೆ ಪ್ರಿಯವಾದ ಕತೆ ತೆಗೆದೆ.

"ಪೋರ್ಚುಗಲ್ಲಿನ ರಾಜಕುಮಾರಿಯನ್ನು ಇಂಗ್ಲೆಂಡಿನ ರಾಜನಿಗೆ ಕೊಟ್ಟರು. ಕೊಡುವಾಗ ಈ ಮುಂಬಯಿಯನ್ನೇ ವರದಕ್ಷಿಣೆಯಾಗಿ ಕೊಟ್ಟರು. ಇಷ್ಟು ಕೊಟ್ಟ ಮೇಲಾದರೂ ಗಂಡಿನ ಕಡೆಯವರಿಗೆ ಸಮಾಧಾನವಾಯಿತೇ? ಇಲ್ಲ! ಮಾಹೀಮೂ ಮಾತಿನಲ್ಲಿ ಸೇರಿತ್ತು, ಸಾಷ್ಟಿಯೂ ಸೇರಿತ್ತು ಅಂತ ತಕರಾರು ತೆಗೆದರು."

ಹುಡುಗನ ತಾಯಿ ಸೆರಗಿನಿಂದ ಗಾಳಿ ಹಾಕಿಕೊಳ್ಳುವುದನ್ನು ನಿಲ್ಲಿಸಿದರು. ಹುಡುಗನ ತಂದೆ ಕೆಮ್ಮಿದರು. ಹುಡುಗಿಯ ತಂದೆ ಮರದ ಕೊಂಬೆಗಳನ್ನು ನೋಡತೊಡಗಿದರು. ಕತೆ ರಂಗೇರಿದೆ ಎಂದು ನಾನು ತಿಳಿದೆ.

ಹುಡುಗಿ ಕೇಳಿದಳು, "ಸಾಷ್ಟಿ ಅಂದ್ರೆ... ಎಲ್ಲಿ?"

"ಈಗಿನ ಬಾಂದ್ರಾ, ಸಾಂತಾಕ್ರೂಜ್, ಮಲಾಡ್, ಎಲ್ಲ ಅದೇ ಕಣಮ್ಮ."

"ಮಲಾಡ್ ಕೂಡ ಕೇಳಿದ್ರಾ!" ಎಂದಳು ಹುಡುಗಿ, ಕಣ್ಣು ಇಷ್ಟಗಲ ಮಾಡಿ.

"ಕೇಳಿದರು ಅಂತಿಟ್ಟುಕೋ. ದುರಾಸೆಗೆ ಮಿತಿ ಇದೆಯೇ?" ಎಂದೆ ನಾನು ಹುರುಪಿನಿಂದ.

"ಆಮೇಲೆ ಆ ಕಿಂಗ್ ಇಲ್ಲಿ ಬಂದು ಇದ್ರಾ?"

"ಎಲ್ಲಿಯ ಮಾತು! ಒಂದು ದಿನವೂ ಬರಲಿಲ್ಲ. ಕಂಪನಿಗೆ ಬಾಡಿಗೆಗೆ ಕೊಟ್ಟು ಸುಮ್ಮನಾದ."

"ಅಂದ್ರೆ ಹುಡುಗಿ ಮನೆಯಿಂದ ತಗೊಂಡು... ರೆಂಟ್ ಮೇಲೆ ಕೊಟ್ರು?"

ಹುಡುಗ ತಡೆಯಲಾರದೆ ಗಟ್ಟಿಯಾಗಿ ನಕ್ಕುಬಿಟ್ಟ. ಅವನ ತಾಯಿ ನನ್ನ ಕಡೆ ತಿರುಗಿದರು. ಮುಖ ಕೆಂಡ.

"ಮೇಡಮ್ಮಾರ, ಇದನ್ನೆಲ್ಲಾ ಹೇಳಂತ ನಿಮಗ ಹೇಳಿದವರು ಯಾರು?"

"ಇತಿಹಾಸರೀ" ಎಂದೆ.

"ಇತಿಹಾಸನೋ, ಹುಡುಗಿ ಅಪ್ಪನೋ?"

ಆಗ ಸಾಂತಾಕ್ರೂಜಿನ ಹೋಟೆಲಿನ ಅಕ್ಕ ನನ್ನ ತೋಳು ಚಿವುಟಿ ಕಿವಿಯಲ್ಲಿ ಹೇಳಿದರು: "ಎಂಥ ಹೆಂಗಸು ಮಾರಾಯ್ತಿ ನೀವು! ಇದು ಹುಡುಗಿ ನೋಡುವ ಕಾರ್ಯ. ಮನೆಯಲ್ಲಿ ಬೇಡ, ಹೀಗೆ ಹೊರಗೆ ನೋಡುವಾ ಅಂತ ನಾನೇ ಇಲ್ಲಿಗೆ ಕರೆಸಿದ್ದು. ಗಂಡಿನ ಕಡೆಯವರು ಮಲಾಡಿನಲ್ಲಿ ಒಂದು ಫ್ಲಾಟ್ ಆಗಿದ್ದರೆ ಚೆಂದ ಅಂತ ಸೂಚನೆ ಕೊಟ್ಟಿದ್ದಾರೆ!"

ಒಂದು ಒಳ್ಳೆಯ ಸಂಬಂಧ ನನ್ನ ಬಾಯಿಯಿಂದಲೇ ಮುರಿಯುತ್ತಿದೆ. ಏನಾದರೂ ಹೇಳಿ ಮಾತು ತಿರುಗಿಸಬೇಕು ಎಂದು, "ಆ ರಾಜಕುಮಾರಿ ಬಹಳ ಒಳ್ಳೆಯವಳಂತೆ. ಇಂಗ್ಲೆಂಡಿನ ಅರಮನೆಯಲ್ಲಿ ಚಹಾ ಕುಡಿಯೋ ರೂಢಿ ಬೆಳೆಸಿದ್ದೇ ಆಕೆ ಅಂತಾರೆ" ಎಂದು ತೊದಲಿದೆ.

ಅದನ್ನು ಯಾರೂ ಕೇಳಿಸಿಕೊಂಡಂತೆ ಕಾಣಲಿಲ್ಲ. ಹುಡುಗನ ತಂದೆ ನಿಧಾನಕ್ಕೆ ಕೇಳಿದರು, "ಅಲ್ರೀ ಮೇಡಂ, ಮುಂದ ಆ ರಾಜಾ ರಾಣಿ ಸಂಸಾರ ಹೆಂಗ ನಡೀತ್ರೀ?"

ಸುಳ್ಳು ಹೇಳೋಣವೆಂದರೆ ಬಾಯಿ ಬರಲಿಲ್ಲ. "ಹೇಳೂವಂಥಾದ್ದೇನಲ್ರೀ. ರಾಜಗ ಹೊರಗಿನ ಸಂಬಂಧ ಭಾಳ ಇದ್ದೂ. ಆಕಿ ನೊಂದಕೊಂಡಾಳ."

ಅವರು ಹೆಂಡತಿಯ ಕಡೆ ನೋಡಿದರು. "ಕೇಳಿದ್ಯಾ? ಪೂರಾ ಮುಂಬಯಿ ಕೊಟ್ಟರೂ ಸುಖಾ ಆಗಲಿಲ್ಲಂತ. ಮಲಾಡದಾಗಿನ ಎರಡು ಖೋಲಿಲೆ ಏನ ಆಗೂದೈತಿ? ಬಿಡು ಆ ಮಾತು."

ಹುಡುಗನೂ ಎದ್ದು ನಿಂತ. "ಅವ್ವಾ, ಆ ಮಾತು ನಾ ಮೊದಲೇ ಬ್ಯಾಡ ಅಂದಿದ್ದೆ. ಈಗ ಎಲ್ಲಾರ ಮುಂದ ಹೇಳ್ತೀನಿ, ಬ್ಯಾಡ." ಹೇಳಿದ್ದು ತಾಯಿಗೆ, ನೋಡಿದ್ದು ಹುಡುಗಿಯನ್ನು.

ಗಂಡ, ಮಗ, ಇತಿಹಾಸ, ಮೂರೂ ಒಂದೇ ಕಡೆಗೆ ವಾಲಿದ ಮೇಲೆ ಪಾಪ ಆ ತಾಯಿಯಾದರೂ ಏನು ಮಾಡಿಯಾರು? ಕೊನೆಗೆ ಸೆರಗು ಸರಿಮಾಡಿಕೊಂಡು ಹುಡುಗಿಯನ್ನು ಕೇಳಿದರು.

"ಫ್ಲಾಟ ಇರಲಿ ಬಿಡವಾ. ನಿನಗ ಚಹಾ ಮಾಡಾಕರೆ ಬರತೈತಿ?"

ಹುಡುಗಿ ಬಹಳ ಯೋಚನೆ ಮಾಡಿ, ಒಂದೊಂದೇ ಮಾತು ಹುಡುಕಿ, ಪೂರ್ತಿ ಕನ್ನಡದಲ್ಲಿ ಹೇಳಿದಳು: "ಇಲ್ಲ ಅತ್ತೆ. ನೀವು ಮಾಡಿದರೆ... ಕುಡಿಯಲು ಬರುತ್ತದೆ."

ಅತ್ತೆ ಎಂದು ಕರೆದದ್ದಕ್ಕೋ, ಉತ್ತರ ಬಂದ ವರಸೆಗೋ, ಆ ತಾಯಿ ನಕ್ಕ ನಗುವಿಗೆ ಮರದ ಕಾಗೆಗಳು ಹಾರಿಹೋದವು. ಹುಡುಗಿಯ ತಂದೆ ಅಂತೂ ಕೊಂಬೆಗಳಿಂದ ಕಣ್ಣು ಕೆಳಗಿಳಿಸಿದರು.

ಮದುವೆ ಚೆನ್ನಾಗಿಯೇ ಆಯಿತು. ನನ್ನನ್ನೂ ಕರೆದಿದ್ದರು. ಕಲ್ಯಾಣ ಮಂಟಪದ ಬಾಗಿಲಲ್ಲಿ ಹುಡುಗನ ತಾಯಿಯೇ ನಿಂತು ಅರಿಶಿನ ಕುಂಕುಮ ಕೊಟ್ಟರು, ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು, ಮೊದಲ ಪಂಕ್ತಿಯಲ್ಲಿ ಕೂರಿಸಿ ತಾವೇ ಹೋಳಿಗೆ ಬಡಿಸಿದರು. ಆಮೇಲೆ ಬಗ್ಗಿ, ಯಾರಿಗೂ ಕೇಳದ ಹಾಗೆ ಹೇಳಿದರು:

"ಹೊಟ್ಟಿ ತುಂಬ ಊಟಾ ಮಾಡ್ರೀ ಮೇಡಮ್ಮಾರ. ಆದರ ಬಾಜೂ ಪಂಕ್ತಿಯಾಗ ನನ್ನ ಸಣ್ಣ ಮಗನ್ನ ನೋಡಾಕ ಬಂದವರು ಕುಂತಾರ. ಅವರು ಎದ್ದು ಹೋಗೂತನಕ ಇತಿಹಾಸ ಮಾತ್ರ ಹೇಳಬ್ಯಾಡ್ರೀ."